ಗಾಳಿ ಕೆಟ್ಟ ದಿನ ಮನೆಯ ಹಿರಿಯರನ್ನು, ಮಕ್ಕಳನ್ನು ನೋಡಿಕೊಳ್ಳುವುದು ಹೇಗೆ? ಕೋಲಾರದವರಿಗೆ ಮೂರು ದಿನದ ಲೆಕ್ಕ

ಡಿಸೆಂಬರ್‌ನಲ್ಲಿ ಒಂದು ರಾತ್ರಿ ಹನ್ನೊಂದೂವರೆಗೆ ಅಮ್ಮನ ಕೋಣೆಯ ಲೈಟ್ ಉರಿಯುತ್ತಿತ್ತು. ಹೋಗಿ ನೋಡಿದರೆ ಮಂಚದ ಅಂಚಿನಲ್ಲಿ ಕೂತಿದ್ದಾಳೆ, ಎರಡೂ ಕೈ ಮಂಡಿ ಮೇಲೆ ಊರಿದ್ದಾಳೆ, ಭುಜ ಮೇಲೆ ಕೆಳಗೆ ಆಗುತ್ತಿದೆ. ಇನ್ಹೇಲರ್ ಕೈಯಲ್ಲೇ ಇತ್ತು. ಅಲುಗಾಡಿಸಿ ಒತ್ತಿದರೆ ಪುಸ್ ಅಂತ ಬರುತ್ತಲೂ ಇತ್ತು. "ಎಳೀತಾನೇ ಇದೀನಿ ಕಣೇ, ಏನೂ ಆಗ್ತಿಲ್ಲ" ಅಂದಳು, ಅಷ್ಟು ಹೇಳೋಕೆ ಮೂರು ಸಲ ನಿಲ್ಲಿಸಿದಳು. ಆಮೇಲೆ ಗೊತ್ತಾಯಿತು, ಅದರೊಳಗಿನ ಔಷಧಿ ಯಾವಾಗಲೋ ಖಾಲಿಯಾಗಿತ್ತು. ಔಷಧಿ ಮುಗಿದ ಮೇಲೂ ಅದನ್ನು ತಳ್ಳುವ ಗ್ಯಾಸ್ ಸ್ವಲ್ಪ ಉಳಿದಿರುತ್ತದೆ, ನಮಗೆ ಕೇಳಿಸುತ್ತಿದ್ದದ್ದು ಅದರ ಸದ್ದು. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಔಷಧಿಯನ್ನು ಮಂಜಿನ ಹಾಗೆ ಮಾಡಿ ಉಸಿರಿಗೆ ಕೊಡುವ ನೆಬ್ಯುಲೈಸರ್ ಹಾಕಿಸಿದೆವು. ಬೆಳಗಿನ ಜಾವಕ್ಕೆ ಉಸಿರು ಹದಕ್ಕೆ ಬಂತು.

ಅಲ್ಲಿ ಡಾಕ್ಟರು ಮೊದಲು ಕೇಳಿದ್ದು, "ಎರಡು ಮೂರು ದಿನದ ಹಿಂದೆ ಹೊಗೇಲಿ, ಧೂಳಲ್ಲಿ ಓಡಾಡಿದ್ರಾ ಅಮ್ಮ?" ಅಂತ. ಓಡಾಡಿದ್ದಳು. ಎರಡು ದಿನದ ಹಿಂದೆ ಎಂದಿನಂತೆ ಐದೂವರೆಗೆ ವಾಕಿಂಗ್ ಹೋಗಿದ್ದಳು. ದಟ್ಟ ಮಂಜು. ರಸ್ತೆ ಮೂಲೆಯಲ್ಲಿ ಎಲೆ, ಕವರು ಎಲ್ಲ ಗುಡಿಸಿ ಗುಡ್ಡೆ ಹಾಕಿ ಬೆಂಕಿ ಇಟ್ಟಿದ್ದರು. ಮನೆಗೆ ಬಂದಾಗ ಗಂಟಲು ಕೆರೆತ ಅಂದಳು. ಮಾರನೇ ದಿನ ಕೆಮ್ಮು. ಮೂರನೇ ದಿನ ರಾತ್ರಿ ಹೀಗೆ.

ಕೆಟ್ಟ ಗಾಳಿಯ ತಕ್ಷಣದ ಪರಿಣಾಮ ಹೀಗೇ ಬರುತ್ತದೆ. ಕೆಲವರಿಗೆ ಅದೇ ಗಂಟೆಯಲ್ಲಿ, ಕೆಲವರಿಗೆ ಒಂದು ದಿನ ಬಿಟ್ಟು, ಎರಡು ಮೂರು ದಿನ ಬಿಟ್ಟು. ಅಷ್ಟು ಹೊತ್ತಿಗೆ ನಾವು ಹೊಗೆಯನ್ನು ಮರೆತಿರುತ್ತೇವೆ, ಕಾಯಿಲೆಗೆ ಮೊಸರು, ತಣ್ಣೀರು, ಚಳಿ ಅಂತ ಕಾರಣ ಹುಡುಕುತ್ತೇವೆ. ಆ ಮೂರು ದಿನದಲ್ಲಿ ಎಲ್ಲೆಲ್ಲಿ ತಡೆಯಬಹುದಿತ್ತು ಅಂತ ನಾನು ಕೂತು ಯೋಚಿಸಿದೆ, ಡಾಕ್ಟರ ಹತ್ತಿರ ಕೇಳಿಕೊಂಡೆ, ನಮ್ಮ ಮನೆಯಲ್ಲಿ ಮಾಡಿ ನೋಡಿದೆ. ಅದನ್ನೇ ಒಂದೊಂದಾಗಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ನಿಮ್ಮ ಮನೆಯಲ್ಲಿ ಯಾರು ಅಂತ ಗುರುತಿಸಿ

ಒಂದೇ ಗಾಳಿ ಎಲ್ಲರಿಗೂ ಒಂದೇ ಥರ ತಾಗುವುದಿಲ್ಲ. ಉಬ್ಬಸ ಇರುವವರು, ವರ್ಷಗಟ್ಟಲೆ ಸೌದೆ ಒಲೆ ಮುಂದೆ ಕೂತು ಅಥವಾ ಬೀಡಿ ಸೇದಿ ಶ್ವಾಸಕೋಶ ಸವೆದವರು, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ಬಿಪಿ ಶುಗರ್ ಇರುವವರು, ಅರವತ್ತು ದಾಟಿದವರು, ಬಸುರಿ ಹೆಂಗಸರು, ಐದು ವರ್ಷದ ಒಳಗಿನ ಮಕ್ಕಳು. ಇವರ ಹೆಸರು ಮೊದಲು ಬರೆದುಕೊಳ್ಳಿ. ಮಕ್ಕಳು ಅವರ ಮೈತೂಕಕ್ಕೆ ಹೋಲಿಸಿದರೆ ನಮಗಿಂತ ಜಾಸ್ತಿ ಗಾಳಿ ಎಳೆದುಕೊಳ್ಳುತ್ತಾರೆ, ಎತ್ತರ ಕಡಿಮೆ ಇರುವುದರಿಂದ ಗಾಡಿಯ ಹೊಗೆ ಕೊಳವೆಗೆ ಅವರ ಮೂಗೇ ಹತ್ತಿರ.

ಹೃದಯದ ವಿಷಯ ಜನಕ್ಕೆ ಅಷ್ಟಾಗಿ ಗೊತ್ತಿಲ್ಲ. ಧೂಳು ಅಂದರೆ ಕೆಮ್ಮು ಅಂತಲೇ ನಮ್ಮ ಲೆಕ್ಕ. ಆದರೆ ಪಿಎಂ 2.5 ಅನ್ನುವ ಕಣ ಎಷ್ಟು ಸಣ್ಣದು ಅಂದರೆ ಅಂಥ ಇಪ್ಪತ್ತಕ್ಕೂ ಹೆಚ್ಚು ಕಣ ಸಾಲಾಗಿ ಇಟ್ಟರೂ ನಮ್ಮ ತಲೆಗೂದಲ ದಪ್ಪ ಆಗುತ್ತದೆ ಅಷ್ಟೇ. ಅದು ಮೂಗಿನಲ್ಲಿ, ಗಂಟಲಲ್ಲಿ ನಿಲ್ಲದೆ ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ. ಅಲ್ಲಿ ಉರಿಯೂತ ಎದ್ದರೆ ರಕ್ತ ಹೆಪ್ಪುಗಟ್ಟುವುದು ಸುಲಭವಾಗುತ್ತದೆ, ರಕ್ತನಾಳ ಬಿಗಿಯುತ್ತದೆ, ಬಡಿತದ ಲಯ ತಪ್ಪಬಹುದು. ಮೊದಲೇ ನಾಳ ಕಿರಿದಾಗಿರುವವರಿಗೆ ಆ ಒಂದೆರಡು ದಿನದಲ್ಲೇ ಹೃದಯಾಘಾತ, ಪಾರ್ಶ್ವವಾಯು ಆಗುವ ಅಪಾಯ ಏರುತ್ತದೆ.

ಕೆಜಿಎಫ್ ಕಡೆಯವರು ಈ ಪಟ್ಟಿಗೆ ಇನ್ನೊಬ್ಬರನ್ನು ಸೇರಿಸಬೇಕು. ಗಣಿಯಲ್ಲಿ ದುಡಿದ ತಾತಂದಿರು. ಭಾರತದಲ್ಲಿ ಸಿಲಿಕೋಸಿಸ್, ಅಂದರೆ ಕಲ್ಲುಪುಡಿ ಎಳೆದು ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ, ಮೊದಲು ವರದಿಯಾದದ್ದು 1934ರಲ್ಲಿ, ಇದೇ ಕೋಲಾರ ಚಿನ್ನದ ಗಣಿಯಲ್ಲಿ. ಗಣಿ 2001ರಲ್ಲಿ ಮುಚ್ಚಿತು, ಅಲ್ಲಿ ಕಲ್ಲುಪುಡಿ ಕುಡಿದ ಎದೆಗಳು ಇನ್ನೂ ನಮ್ಮ ಮನೆಗಳಲ್ಲಿವೆ. ಅದರ ಮೇಲೆ ಗಾಳಿ ಬೀಸುವ ತಿಂಗಳಲ್ಲಿ ಚಿನ್ನ ತೆಗೆದ ಮೇಲೆ ಉಳಿದ ಅದಿರು ಸುರಿದ ಸೈನೈಡ್ ದಿಬ್ಬದ ಪುಡಿ ಮನೆಯೊಳಗೆ ನುಗ್ಗುತ್ತದೆ. ಆ ಭಾಗದಲ್ಲಿ ಗಾಳಿ ಎದ್ದ ದಿನವನ್ನು ಕೆಟ್ಟ ದಿನ ಅಂತಲೇ ಎಣಿಸಿ, ಆಪ್ ಏನೇ ತೋರಿಸಲಿ.

ಎರಡನೆಯದು: ಇವತ್ತಿನ ಗಾಳಿ ಹೇಗಿದೆ ಅಂತ ನೋಡುವುದು

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮೀರ್' ಅನ್ನುವ ಆಪ್ ಇದೆ, ಪುಕ್ಕಟೆ. ಅದರಲ್ಲಿ ಊರಿನ ಗಾಳಿಗೆ ಒಂದು ಸಂಖ್ಯೆ ಕೊಡುತ್ತಾರೆ, ಎಕ್ಯೂಐ ಅಂತ. 50ರವರೆಗೆ ಚೆನ್ನಾಗಿದೆ, 100ರವರೆಗೆ ಪರವಾಗಿಲ್ಲ, 101ರಿಂದ 200 ಮಧ್ಯಮ, 200 ದಾಟಿದರೆ ಕಳಪೆ, 300 ದಾಟಿದರೆ ಬಹಳ ಕಳಪೆ, 400ರ ಮೇಲೆ ತೀವ್ರ. 'ಮಧ್ಯಮ' ಅನ್ನುವ ಪದ ನೋಡಿ ಸಮಾಧಾನ ಪಡಬೇಡಿ. ಉಬ್ಬಸ, ಶ್ವಾಸಕೋಶ, ಹೃದಯದ ಕಾಯಿಲೆ ಇರುವವರಿಗೆ ಈ ಮಟ್ಟದಲ್ಲೇ ಉಸಿರಾಟದ ತೊಂದರೆ ಆಗುತ್ತದೆ ಅಂತ ಮಂಡಳಿಯೇ ಬರೆದಿದೆ. ನಮ್ಮ ಮನೆಯಲ್ಲಿ ಅಮ್ಮನ ಮಟ್ಟಿಗೆ 100 ದಾಟಿದ ದಿನ ಅಂದರೆ ಎಚ್ಚರಿಕೆಯ ದಿನ.

ಆ ಸಂಖ್ಯೆಗೆ ಎರಡು ಮಿತಿ ಇದೆ. ಕೋಲಾರದ ಗಾಳಿ ಅಳೆಯುವ ಯಂತ್ರ ಇರುವುದು ಟಮಕ ಕೈಗಾರಿಕಾ ಪ್ರದೇಶದಲ್ಲಿ. ನಿಮ್ಮ ಮನೆ ಡೂಂ ಲೈಟ್ ಸರ್ಕಲ್ ಹತ್ತಿರವೋ, ಎಪಿಎಂಸಿ ಹಿಂದೆಯೋ, ಗುಲ್ಪೇಟೆಯಲ್ಲೋ ಇದ್ದರೆ ಅಲ್ಲಿನ ಗಾಳಿ ಬೇರೆ ಇರಬಹುದು. ಇನ್ನೊಂದು, ಧೂಳಿನ ಮಟ್ಟಿಗೆ ಅದು 24 ಗಂಟೆಯ ಸರಾಸರಿ. ಬೆಳಿಗ್ಗೆ ಆರು ಗಂಟೆಗೆ ನಿಮ್ಮ ಬೀದಿ ಕೊನೆಯಲ್ಲಿ ಟೈರ್ ಸುಟ್ಟರೆ ಅದು ಆ ಸಂಖ್ಯೆಯಲ್ಲಿ ಕಾಣುವುದಿಲ್ಲ. ಹಾಗಾಗಿ ಕಣ್ಣು, ಮೂಗು ಎರಡೂ ಬೇಕು. ಮಂಜಿಗೆ ವಾಸನೆ ಇಲ್ಲ. ಮಂಜಿನ ಜೊತೆ ಸುಟ್ಟ ವಾಸನೆ ಬಂದರೆ, ಕಣ್ಣು ಚುರುಗುಟ್ಟಿದರೆ, ಬಿಸಿಲು ಏರಿ ಒಂಬತ್ತು ಗಂಟೆಯಾದರೂ ಅಂತರಗಂಗೆ ಬೆಟ್ಟ ಮಸುಕಾಗೇ ಇದ್ದರೆ, ಅದು ಬರೀ ಮಂಜಲ್ಲ.

ಮೂರನೆಯದು: ಹೊತ್ತು ಬದಲಿಸಿ, ದಾರಿ ಬದಲಿಸಿ

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ. ಒಂದು ಪೈಸೆ ಖರ್ಚಿಲ್ಲ.

ಚಳಿಗಾಲದಲ್ಲಿ ನೆಲ ಬೇಗ ತಣ್ಣಗಾಗುತ್ತದೆ, ಅದರ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದ ಹಾಗೆ ಕೂರುತ್ತದೆ. ರಾತ್ರಿಯ ಹೊಗೆ, ಧೂಳು ಎಲ್ಲ ಆ ಮುಚ್ಚಳದ ಕೆಳಗೆ, ಅಂದರೆ ನಮ್ಮ ಮೂಗಿನ ಮಟ್ಟದಲ್ಲಿ, ನಿಂತಿರುತ್ತದೆ. ಬಿಸಿಲು ಬಂದು ನೆಲ ಕಾದ ಮೇಲೆ ಅದು ಚದುರುತ್ತದೆ. ನಮ್ಮ ಹಿರಿಯರು ವಾಕಿಂಗ್ ಹೋಗುವುದು ಸರಿಯಾಗಿ ಅದಕ್ಕೂ ಮುಂಚೆ! ಬೆಳಗಿನ ಗಾಳಿ ಶುದ್ಧ ಅಂತ ಚಿಕ್ಕಂದಿನಿಂದ ಕೇಳಿಕೊಂಡು ಬಂದಿದ್ದೇವೆ. ತೋಟದ ಮನೆಯಲ್ಲಿ ಇರಬಹುದು, ಹೆದ್ದಾರಿ ಪಕ್ಕದ ಊರಿನಲ್ಲಿ ನವೆಂಬರ್‌ನಿಂದ ಫೆಬ್ರವರಿವರೆಗೆ ಆ ಮಾತು ನಡೆಯುವುದಿಲ್ಲ. ಅಮ್ಮ ಈಗ ಎಂಟೂವರೆ ಒಂಬತ್ತಕ್ಕೆ ಹೋಗುತ್ತಾಳೆ. ಮೊದಲ ವಾರ "ಬಿಸಿಲಲ್ಲಿ ಯಾರು ನಡೀತಾರೆ" ಅಂತ ಗೊಣಗಿದಳು, ಈಗ ಜೊತೆಗೆ ಇನ್ನಿಬ್ಬರು ಗೆಳತಿಯರನ್ನೂ ಕರೆದುಕೊಂಡು ಹೋಗುತ್ತಾಳೆ. ಬೇಸಿಗೆಯಲ್ಲಿ ಲೆಕ್ಕ ಉಲ್ಟಾ. ಮಾರ್ಚ್‌ನಿಂದ ಮೇವರೆಗೆ ಸುಡು ಬಿಸಿಲಿಗೆ ಗಾಡಿ ಹೊಗೆ ಸೇರಿ ಮಧ್ಯಾಹ್ನ ಓಝೋನ್ ಅನ್ನುವ ಗ್ಯಾಸ್ ಏಳುತ್ತದೆ, ಅದು ಗಂಟಲಿಗೆ, ಎದೆಗೆ ಉರಿ. ಆಗ ಹನ್ನೆರಡರಿಂದ ನಾಲ್ಕರವರೆಗೆ ಹೊರಗೆ ದುಡಿಮೆ, ಆಟ ಬೇಡ.

ದಾರಿಯ ವಿಷಯ. ದೊಡ್ಡ ರಸ್ತೆಯ ಅಂಚಿನಲ್ಲಿರುವಷ್ಟು ಹೊಗೆ ನೂರಿನ್ನೂರು ಮೀಟರ್ ಒಳಗೆ ಹೋದರೆ ಇರುವುದಿಲ್ಲ. ಬಂಗಾರಪೇಟೆ ಸರ್ಕಲ್, ಬಸ್ ಸ್ಟಾಂಡ್ ಮುಂದೆಯೇ ಹಾದುಹೋಗಬೇಕೆಂದಿಲ್ಲ, ಹಿಂದಿನ ಬೀದಿ ಹಿಡಿದರೆ ನಾಲ್ಕು ನಿಮಿಷ ಜಾಸ್ತಿ ಆಗಬಹುದು. ಟೊಮೆಟೊ ಸೀಸನ್ನಿನಲ್ಲಿ ಎಪಿಎಂಸಿ ಕಡೆಯ ರಸ್ತೆ ನೋಡಿದ್ದೀರಲ್ಲ, ಇಡೀ ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು ನಮ್ಮದು, ಎಲ್ಲೆಲ್ಲಿಂದಲೋ ಬಂದ ಲಾರಿಗಳು ಎಂಜಿನ್ ಆಫ್ ಮಾಡದೆ ಸಾಲಾಗಿ ನಿಂತಿರುತ್ತವೆ. ಮಕ್ಕಳನ್ನು ಆ ಹೊತ್ತಲ್ಲಿ ಆ ದಾರಿಯಲ್ಲಿ ಕರೆದುಕೊಂಡು ಹೋಗಬೇಡಿ. ಸ್ಕೂಟರ್‌ನಲ್ಲಿ ಮಗುವನ್ನು ಮುಂದೆ ನಿಲ್ಲಿಸಿಕೊಂಡು ಲಾರಿ ಹಿಂದೆ ಸಿಗ್ನಲ್‌ನಲ್ಲಿ ನಿಲ್ಲುವುದನ್ನು ದಿನಾ ನೋಡುತ್ತೇನೆ, ಹೊಟ್ಟೆ ಚುರ್ ಅನ್ನುತ್ತದೆ. ಸ್ವಲ್ಪ ಹಿಂದೆ ನಿಲ್ಲಿ, ಇಲ್ಲ ಪಕ್ಕಕ್ಕೆ ಸರಿಯಿರಿ. ಕಾರಿದ್ದರೆ ಗಾಜು ಏರಿಸಿ, ಒಳಗಿನ ಗಾಳಿಯೇ ಸುತ್ತುವ ಬಟನ್ ಒತ್ತಿ.

ಮಂಡಿಯಲ್ಲಿ ಮೂಟೆ ಹೊರುವ ಹಮಾಲಿಗಳು, ತಳ್ಳುಗಾಡಿಯವರು, ಆಟೋದವರು, ಪೌರಕಾರ್ಮಿಕರು ಇವರಿಗೆ ಹೊತ್ತು ಬದಲಿಸಿ ಅನ್ನುವುದು ಸುಲಭದ ಮಾತಲ್ಲ. ಇವರಿಗೆ ಮುಂದಿನದು.

ಮಾಸ್ಕ್

ಕರ್ಚೀಫು, ಸೆರಗು, ಬಟ್ಟೆ ಮಾಸ್ಕ್ ಇವು ದಪ್ಪ ಧೂಳು ತಡೆಯುತ್ತವೆ, ಸಣ್ಣ ಕಣ ತಡೆಯುವುದಿಲ್ಲ. ಎನ್95 ಬೇಕು. ಮೂಗಿನ ಮೇಲಿನ ತಂತಿ ಎರಡೂ ಕೈಯಿಂದ ಒತ್ತಿ ಕೂರಿಸಿ. ಜೋರಾಗಿ ಉಸಿರು ಬಿಟ್ಟಾಗ ಕನ್ನಡಕದ ಮೇಲೆ ಮಂಜು ಕೂತರೆ ಸೋರುತ್ತಿದೆ ಅಂತ ಅರ್ಥ. ಗಡ್ಡದ ಮೇಲೆ ಸರಿಯಾಗಿ ಕೂರುವುದಿಲ್ಲ. ಒಗೆಯಬೇಡಿ, ಒಗೆದರೆ ಅದರ ಶಕ್ತಿ ಹೋಗುತ್ತದೆ. ಗ್ಯಾಸ್ ರೂಪದ ಹೊಗೆಯನ್ನು ಇದೂ ತಡೆಯುವುದಿಲ್ಲ. ಉಸಿರು ಮೊದಲೇ ಕಷ್ಟ ಇರುವವರಿಗೆ, ಹೃದ್ರೋಗಿಗಳಿಗೆ ಇದನ್ನು ಹಾಕಿಕೊಂಡು ನಡೆದರೆ ಸುಸ್ತಾಗಬಹುದು, ಅವರು ಡಾಕ್ಟರನ್ನು ಕೇಳಿಯೇ ಹಾಕಲಿ. ಪುಟ್ಟ ಮಕ್ಕಳಿಗೆ ಬೇಡವೇ ಬೇಡ.

ಮನೆಯೊಳಗಿನ ಹೊಗೆ

ಹೊರಗಿನ ಗಾಳಿ ಕೆಟ್ಟಿದೆ ಅಂತ ಕಿಟಕಿ ಮುಚ್ಚಿ, ಒಳಗೆ ಸೊಳ್ಳೆ ಬತ್ತಿ ಹಚ್ಚಿದರೆ ಏನು ಬಂತು? ಒಂದು ಸೊಳ್ಳೆ ಬತ್ತಿ ಉರಿದು ಮುಗಿಯುವಷ್ಟರಲ್ಲಿ 75ರಿಂದ 137 ಸಿಗರೇಟಿನಷ್ಟು ಸೂಕ್ಷ್ಮ ಕಣ ಬಿಡಬಹುದು ಅಂತ 2003ರಲ್ಲೇ ಅಳೆದು ನೋಡಿದ್ದಾರೆ. ಅದನ್ನು ನಾವು ಮಗು ಮಲಗಿರುವ ಮಂಚದ ಕೆಳಗೆ ಇಡುತ್ತೇವೆ. ಸೊಳ್ಳೆ ಪರದೆ ಕಟ್ಟಿ, ಅದಕ್ಕಿಂತ ಒಳ್ಳೆಯದಿಲ್ಲ.

ಹಂಡೆ ಒಲೆ ಇನ್ನೂ ನಮ್ಮ ಕಡೆ ಎಷ್ಟೋ ಮನೆಯಲ್ಲಿದೆ. ನೀಲಗಿರಿ ಸೌದೆ, ಒಣಗಿದ ನೀಲಗಿರಿ ಸೊಪ್ಪು ಚಟಚಟ ಅಂತ ಉರಿಯುತ್ತದೆ, ಹೊಗೆಯೂ ಅಷ್ಟೇ. ಬೆಂಕಿ ಹತ್ತಲಿ ಅಂತ ಹಾಲಿನ ಕವರ್ ಹಾಕುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ, ಪ್ಲಾಸ್ಟಿಕ್ ಹೊಗೆ ವಿಷ. ಒಲೆ ಹೊರಗಿರಲಿ, ಸೌದೆ ಚೆನ್ನಾಗಿ ಒಣಗಿರಲಿ, ಉಬ್ಬಸದವರು, ಬಸುರಿ ಅದರ ಮುಂದೆ ಕೂರುವುದು ಬೇಡ.

ಬಾಣಂತಿ ಮನೆಯ ಸಾಂಬ್ರಾಣಿ ಬಗ್ಗೆ ಹೇಳಿದರೆ ಅಜ್ಜಿಯಂದಿರಿಗೆ ಬೇಜಾರಾಗುತ್ತದೆ, ಆದರೂ ಹೇಳಬೇಕು. ಎಣ್ಣೆನೀರು ಹಾಕಿದ ಮೇಲೆ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ, ಬುಟ್ಟಿ ಮುಚ್ಚಿ, ತಾಯಿಯ ಕೂದಲಿಗೆ ಹೊಗೆ ಕೊಡುತ್ತಾರೆ, ಕೂಸನ್ನೂ ಅದರ ಮೇಲೆ ಆಡಿಸುತ್ತಾರೆ. ನಮ್ಮ ಅಕ್ಕನ ಮಗಳಿಗೆ ಹಾಗೆ ಮಾಡಿದಾಗೆಲ್ಲ ಮಗು ಸೀನಿ ಸೀನಿ ಅಳುತ್ತಿತ್ತು, ಶೀತ ಹೋಗುತ್ತಿದೆ ಅಂತ ಎಲ್ಲರೂ ಸಂತೋಷಪಟ್ಟೆವು. ಹದಿನೈದು ದಿನದ ಕೂಸಿನ ಉಸಿರಿನ ಕೊಳವೆ ಎಷ್ಟು ಸಣ್ಣ ಇರುತ್ತದೆ ಯೋಚಿಸಿ. ಹೊಗೆ ಹಾಕದೆ ಮೃದುವಾದ ಬಟ್ಟೆಯಲ್ಲಿ ತಲೆ ಒರೆಸಿ, ಎಳೆಬಿಸಿಲಿಗೆ ಕೂರಿಸಿದರೂ ಕೂದಲು ಒಣಗುತ್ತದೆ. ಹಾಕಲೇಬೇಕು ಅಂದರೆ ಮಗು ಇಲ್ಲದ ಕೋಣೆಯಲ್ಲಿ, ಕಿಟಕಿ ತೆಗೆದು.

ಉಳಿದದ್ದು ಸಣ್ಣಪುಟ್ಟದ್ದು. ಒಣ ಪೊರಕೆಯಲ್ಲಿ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಅಂಗಳ ಗುಡಿಸುವ ಮುಂಚೆ ನೀರು ಚಿಮುಕಿಸಿ. ಮೆಣಸಿನಕಾಯಿ ಒಗ್ಗರಣೆ ಹಾಕುವಾಗ ಅಡುಗೆಮನೆ ಬಾಗಿಲು ಮುಚ್ಚಿ, ಕಿಟಕಿ ತೆಗೆಯಿರಿ. ಕಿಟಕಿಗಳನ್ನು ಚಳಿಗಾಲದಲ್ಲಿ ಹತ್ತರಿಂದ ನಾಲ್ಕರವರೆಗೆ ತೆಗೆದಿಟ್ಟರೆ ಸಾಕು.

ಬೀದಿಯಲ್ಲಿ ಕಸ ಸುಡುವವರ ಜೊತೆ ಮೊದಲು ಸ್ನೇಹದಲ್ಲೇ ಮಾತಾಡಿ. ಬಹಳ ಜನಕ್ಕೆ ಅದು ತಪ್ಪು ಅಂತಲೇ ಗೊತ್ತಿಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಬಯಲಲ್ಲಿ ಕಸ ಸುಡುವುದನ್ನು ನಿಷೇಧಿಸಿ, ಸಣ್ಣ ಪ್ರಮಾಣಕ್ಕೆ 5,000, ದೊಡ್ಡ ಪ್ರಮಾಣಕ್ಕೆ 25,000 ರೂಪಾಯಿ ದಂಡ ಅಂತ ಆದೇಶ ಮಾಡಿದೆ. ಮಾತಿಗೆ ಬಗ್ಗದಿದ್ದರೆ ಫೋಟೋ ತೆಗೆದು ನಗರಸಭೆಗೆ ಬರವಣಿಗೆಯಲ್ಲಿ ಕೊಡಿ.

ಔಷಧಿ: ಇದನ್ನು ದಯವಿಟ್ಟು ನಿಧಾನವಾಗಿ ಓದಿ

ಇನ್ಹೇಲರ್‌ನಲ್ಲಿ ಎರಡು ಥರ. ಒಂದು ದಿನಾ ತೆಗೆದುಕೊಳ್ಳುವುದು, ಕೊಳವೆಯ ಒಳಗಿನ ಊತ ಇಳಿಸುವುದಕ್ಕೆ. ಇನ್ನೊಂದು ಉಸಿರು ಕಟ್ಟಿದಾಗ ತಕ್ಷಣಕ್ಕೆ, ಸಾಲ್ಬುಟಮಾಲ್ ಥರದ್ದು. ನಮ್ಮ ಜನ ಮಾಡುವ ತಪ್ಪು ಏನೆಂದರೆ ಚೆನ್ನಾಗಿರುವಾಗ ಮೊದಲನೆಯದನ್ನು ನಿಲ್ಲಿಸಿಬಿಡುತ್ತಾರೆ, "ಅಭ್ಯಾಸ ಆಗಿಬಿಡುತ್ತೆ" ಅಂತ. ಅದು ಚಟ ಹಿಡಿಸುವ ಔಷಧಿ ಅಲ್ಲ. ಅದನ್ನು ನಿಲ್ಲಿಸಿದವರಿಗೇ ಒಂದು ಹೊಗೆಯ ಬೆಳಿಗ್ಗೆ ಸಾಕು, ಆಸ್ಪತ್ರೆ ಸೇರುವುದಕ್ಕೆ.

ಎಷ್ಟು ಉಳಿದಿದೆ ಅಂತ ತಿಳಿಯುವುದು ಹೇಗೆ? ಹಿಂದೆ ಕೌಂಟರ್ ಇದ್ದರೆ ನೋಡಿ. ಇಲ್ಲದಿದ್ದರೆ ಲೆಕ್ಕ ಹಾಕಿ. ಡಬ್ಬಿಯ ಮೇಲೆ ಎಷ್ಟು ಡೋಸ್ ಅಂತ ಬರೆದಿರುತ್ತದೆ. 200 ಇದ್ದು ದಿನಕ್ಕೆ 4 ಪಫ್ ಆದರೆ 50 ದಿನ. ಶುರು ಮಾಡಿದ ದಿನವೇ ಮುಗಿಯುವ ತಾರೀಖನ್ನು ಮಾರ್ಕರ್ ಪೆನ್ನಲ್ಲಿ ಅದರ ಮೇಲೆ ಬರೆಯಿರಿ. ಅಲುಗಾಡಿಸಿ ಕೇಳುವುದು, ನೀರಿನಲ್ಲಿ ತೇಲಿಸುವುದು ಇವನ್ನು ನಂಬಬೇಡಿ. ಅಮ್ಮನ ಇನ್ಹೇಲರ್ ಮೇಲೆ ಆವತ್ತು ಒಂದು ತಾರೀಖು ಇದ್ದಿದ್ದರೆ ಆ ರಾತ್ರಿ ಆಸ್ಪತ್ರೆ ಬೇಕಾಗಿರಲಿಲ್ಲವೇನೋ.

ತೆಗೆದುಕೊಳ್ಳುವ ರೀತಿ ಹೀಗೆ: ಚೆನ್ನಾಗಿ ಅಲುಗಾಡಿಸಿ, ಉಸಿರು ಪೂರ್ತಿ ಹೊರಗೆ ಬಿಡಿ, ತುಟಿ ಬಿಗಿ ಹಿಡಿದು ಒತ್ತುತ್ತಾ ನಿಧಾನವಾಗಿ ಎಳೆಯಿರಿ, ಹತ್ತು ಎಣಿಸುವವರೆಗೆ ಹಿಡಿದುಕೊಳ್ಳಿ, ಮುಂದಿನ ಪಫ್‌ಗೆ ಅರ್ಧ ನಿಮಿಷವಾದರೂ ಬಿಡಿ. ಹಿರಿಯರಿಗೆ, ಮಕ್ಕಳಿಗೆ ಒತ್ತುವುದು ಮತ್ತು ಎಳೆಯುವುದು ಒಟ್ಟಿಗೆ ಆಗುವುದಿಲ್ಲ, ಔಷಧಿಯೆಲ್ಲ ನಾಲಿಗೆ ಮೇಲೆ ಬೀಳುತ್ತದೆ. ಸ್ಪೇಸರ್ ಅನ್ನುವ ಪ್ಲಾಸ್ಟಿಕ್ ಕೊಳವೆ ಸಿಗುತ್ತದೆ, ಅದನ್ನು ತಪ್ಪದೆ ತನ್ನಿ, ಪುಟ್ಟ ಮಕ್ಕಳಿಗೆ ಮಾಸ್ಕ್ ಇರುವ ಸ್ಪೇಸರ್. ದಿನದ ಇನ್ಹೇಲರ್ ಆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ. ಮಗುವಿಗೆ ಉಬ್ಬಸ ಇದ್ದರೆ ಶಾಲೆಯ ಬ್ಯಾಗಲ್ಲೂ ಒಂದು ಇನ್ಹೇಲರ್ ಇರಲಿ, ಮೇಡಂಗೆ ಒಂದು ಚೀಟಿ ಬರೆದುಕೊಡಿ, ಗಾಳಿ ಕೆಟ್ಟ ದಿನ ಗ್ರೌಂಡಿನಲ್ಲಿ ಓಡಿಸಬೇಡಿ ಅಂತಲೂ ಸೇರಿಸಿ.

ಡಾಕ್ಟರ ಹತ್ತಿರ ಚೆನ್ನಾಗಿರುವಾಗಲೇ ಹೋಗಿ ಒಂದು ಪ್ರಶ್ನೆ ಕೇಳಿ: ಉಸಿರು ಕಟ್ಟಿದರೆ ಎಷ್ಟು ಪಫ್, ಎಷ್ಟು ಹೊತ್ತಿಗೊಂದು, ಯಾವಾಗ ಹೊರಡಬೇಕು? ಅವರ ಕೈಯಲ್ಲೇ ಬರೆಸಿಕೊಂಡು ಫ್ರಿಜ್ ಮೇಲೆ ಅಂಟಿಸಿ. ಚಳಿಗಾಲಕ್ಕೆ ಮುಂಚೆ ಫ್ಲೂ ಲಸಿಕೆ ಬೇಕಾ ಅಂತಲೂ ಕೇಳಿ. ಬೆಲ್ಲ ತಿಂದರೆ ಧೂಳು ಇಳಿಯುತ್ತದೆ ಅನ್ನುವುದು, ಬಿಸಿ ಆವಿ ತೆಗೆದುಕೊಂಡರೆ ಶ್ವಾಸಕೋಶ ತೊಳೆದುಹೋಗುತ್ತದೆ ಅನ್ನುವುದು ಔಷಧಿಯ ಜಾಗ ತುಂಬುವುದಿಲ್ಲ. ಆವಿಯಿಂದ ಕಟ್ಟಿದ ಮೂಗಿಗೆ ಸುಖ ಅನಿಸುತ್ತದೆ ಅಷ್ಟೇ, ಬಿಸಿನೀರಿನ ಪಾತ್ರೆ ಮಗುವಿನ ಹತ್ತಿರ ಮಾತ್ರ ಇಡಬೇಡಿ.

ಯಾವಾಗ ಕಾಯಬಾರದು

ಒಂದು ಪೂರ್ತಿ ವಾಕ್ಯ ಹೇಳೋಕೆ ಆಗದಿದ್ದರೆ. ತುಟಿ, ಉಗುರು ನೀಲಿಯಾದರೆ. ಮಗುವಿನ ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಸೆಳೆಯುತ್ತಿದ್ದರೆ, ಮೂಗಿನ ಹೊಳ್ಳೆ ಅರಳುತ್ತಿದ್ದರೆ, ಹಾಲು ಕುಡಿಯೋಕೆ ಆಗದಿದ್ದರೆ. ತೂಕಡಿಕೆ, ಗೊಂದಲ ಬಂದರೆ. ಇನ್ಹೇಲರ್ ತೆಗೆದುಕೊಂಡರೂ ಇಳಿಯದಿದ್ದರೆ. ಕೂರಿಸಿ, ಮಲಗಿಸಬೇಡಿ, 108ಕ್ಕೆ ಫೋನ್ ಮಾಡಿ. ರಕ್ತದ ಆಕ್ಸಿಜನ್ ಎಷ್ಟಿದೆ ಅಂತ ತೋರಿಸುವ, ಬೆರಳಿಗೆ ಹಾಕುವ ಆಕ್ಸಿಮೀಟರ್ ಇದ್ದರೆ 94ಕ್ಕಿಂತ ಕೆಳಗೆ ಬಂದಾಗ ಡಾಕ್ಟರಿಗೆ ಹೇಳಿ, 92ಕ್ಕೆ ಇಳಿದರೆ ಹೊರಡಿ. ಹಳೆಯ ಶ್ವಾಸಕೋಶದ ಕಾಯಿಲೆ ಇರುವವರಿಗೆ ಮಾಮೂಲಿಯಾಗೇ ಕಡಿಮೆ ಇರಬಹುದು, ಅವರ ಸಂಖ್ಯೆ ಎಷ್ಟು ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣ ಹಚ್ಚಿದ್ದರೆ ಅದು ತಪ್ಪು ತೋರಿಸುತ್ತದೆ.

ಎದೆ ಬಿಗಿತ, ಎಡಗೈ ಅಥವಾ ದವಡೆಗೆ ಹರಿಯುವ ನೋವು, ತಣ್ಣನೆ ಬೆವರು ಬಂದರೆ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿಸುತ್ತಾ ಕೂರಬೇಡಿ. ಹೆಂಗಸರಲ್ಲಿ, ಶುಗರ್ ಇರುವವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ಮೇಲುಸಿರು ಇರಬಹುದು. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಸರ್ಕಾರಿ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಬೆಂಗಳೂರಿಗೇ ಹೋಗೋಣ ಅಂತ ದಾರಿಯಲ್ಲಿ ಹೊತ್ತು ಕಳೆಯುವ ಮುಂಚೆ ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಆಗಲಿ.

ಹೊಗೆಯ ನಂತರದ ಮೂರು ದಿನ

ದೀಪಾವಳಿಯ ಮರುದಿನ, ಬೀದಿಯಲ್ಲಿ ಕಸ ಸುಟ್ಟ ದಿನ, ರಸ್ತೆ ಅಗೆದು ಧೂಳೆದ್ದ ದಿನ, ಇವುಗಳ ಮೇಲೆ ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿ, ಅಲ್ಲಿಂದ ಮೂರು ದಿನ ಎಣಿಸಿ. ಆ ಮೂರು ದಿನ ಬೆಳಿಗ್ಗೆ ರಾತ್ರಿ ಕೇಳಬೇಕಾದ್ದು ಇಷ್ಟೇ: ರಾತ್ರಿ ಕೆಮ್ಮಿ ಎದ್ದರಾ? ಮೆಟ್ಟಿಲು ಹತ್ತುವಾಗ ನಿಂತರಾ? ತಕ್ಷಣದ ಇನ್ಹೇಲರ್ ಎಷ್ಟು ಸಲ ಬೇಕಾಯಿತು? ನಿನ್ನೆಗಿಂತ ಜಾಸ್ತಿ ಆಗಿದ್ದರೆ ಹಗಲಲ್ಲೇ ಡಾಕ್ಟರಿಗೆ ತೋರಿಸಿ. ಕಾಯಿಲೆ ರಾತ್ರಿ ಹೊತ್ತು ಜೋರಾಗುತ್ತದೆ, ಅಂಗಡಿ ಆಗ ಮುಚ್ಚಿರುತ್ತದೆ.

ಹಿರಿಯರು ಬೇರೆ ಮನೆಯಲ್ಲಿ ಒಬ್ಬರೇ ಇದ್ದರೆ ಫೋನ್ ಮಾಡಿ. "ಹುಷಾರಾಗಿದೀಯಾ" ಅಂದರೆ "ಹೂಂ" ಅಂದುಬಿಡುತ್ತಾರೆ. ಬೆಳಿಗ್ಗೆ ಏನು ತಿಂಡಿ ಮಾಡಿದೆ, ಯಾರು ಬಂದಿದ್ದರು ಅಂತ ಕೇಳಿ. ಉತ್ತರ ಉದ್ದ ಬರುತ್ತದಲ್ಲ, ಮಾತಿನ ನಡುವೆ ಎಲ್ಲೆಲ್ಲಿ ಉಸಿರಿಗೆ ನಿಲ್ಲಿಸುತ್ತಾರೆ ಅಂತ ಕಿವಿಗೊಟ್ಟು ಕೇಳಿಸಿಕೊಳ್ಳಿ.